ಡೊಂಬಿವಲಿಯ ಫ್ಲ್ಯಾಟು, ಡಲ್ಲಾಸಿನ ಸಹಿ

ಮಗ ಡಲ್ಲಾಸಿನಲ್ಲಿ, ಅಪ್ಪ ಅಮ್ಮ ಮುಲುಂಡಿನಲ್ಲಿ, ಅಕ್ಕ ದುಬೈಯಲ್ಲಿ, ಜಾಗ ಕುಂದಾಪುರದಲ್ಲಿ. ಮುಂಬೈ ಪುಣೆಯ ಕನ್ನಡಿಗರ ಮನೆಗಳಲ್ಲಿ ಇದು ಈಗ ಮಾಮೂಲಿ ನಕ್ಷೆ. ಒಂದು ಕಾಗದ ಆಗಬೇಕಾದರೆ ಮೂರು ಊರಿನಿಂದ ಸಹಿ ಬರಬೇಕು. ಆಗ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಆನ್‌ಲೈನ್ ನೋಟರಿ ಅಂತ ಇದೆಯಂತಲ್ಲ, ಅದು ನಡೆಯುತ್ತದಾ?"

ಎಲ್ಲಿ ನಡೆಯಬೇಕು ಅನ್ನುವುದನ್ನು ಮೊದಲು ಹೇಳಿ. ನೋಟರಿ ಮಾಡಿಸಿದ ಕಾಗದಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲ. ಅದನ್ನು ಕೊನೆಗೆ ಕೈಗೆ ತೆಗೆದುಕೊಳ್ಳುವ ಕಚೇರಿ ಒಪ್ಪಿದರೆ ಬೆಲೆ, ಇಲ್ಲವಾದರೆ ಅದು ಕೆಂಪು ಸ್ಟಿಕ್ಕರ್ ಅಂಟಿಸಿದ ಜೆರಾಕ್ಸ್. ಆದ್ದರಿಂದ ದಾರಿಯನ್ನು ಆ ಕೊನೆಯ ಕೌಂಟರಿನಿಂದ ಹಿಂದಕ್ಕೆ ಹುಡುಕಿಕೊಂಡು ಬರಬೇಕು. ನಮ್ಮ ಜನ ಮಾಡುವುದು ಇದರ ಉಲ್ಟಾ. ಮೊದಲು ದುಡ್ಡು ಕಟ್ಟಿ ಸೀಲು ಹಾಕಿಸುತ್ತಾರೆ, ಆಮೇಲೆ ಕೌಂಟರ್ ಹುಡುಕುತ್ತಾರೆ.

ನಮ್ಮಲ್ಲಿ ನೋಟರಿಗಳನ್ನು ನೇಮಿಸುವುದು 1952ರ ನೋಟರಿ ಕಾಯ್ದೆ, ಅವರ ಕೆಲಸದ ರೀತಿ ರಿವಾಜು 1956ರ ನಿಯಮಗಳಲ್ಲಿದೆ. ಪ್ರತಿಜ್ಞೆ ಮಾಡಿಸುವುದು, ಅಫಿಡವಿಟ್ ತೆಗೆದುಕೊಳ್ಳುವುದು, ದಸ್ತಾವೇಜಿನ ಮೇಲೆ ಬಿದ್ದ ಸಹಿ ಇವರದೇ ಎಂದು ದೃಢೀಕರಿಸುವುದು ಎಲ್ಲವೂ 8ನೇ ಕಲಮಿನಲ್ಲಿ ಬರುತ್ತದೆ. ವಿಡಿಯೋದಲ್ಲಿ ಮುಖ ನೋಡಿ ಸೀಲು ಹಾಕಲು ಅಲ್ಲಿ ಪ್ರತ್ಯೇಕ ವ್ಯವಸ್ಥೆಯಿಲ್ಲ. 2024ರಲ್ಲಿ ಕೇಂದ್ರ ಕಾನೂನು ಇಲಾಖೆ ನೋಟರಿ ಪೋರ್ಟಲ್ ತೆರೆದಾಗ "ಈಗ ನೋಟರಿ ಆನ್‌ಲೈನ್ ಆಯಿತು" ಎಂದು ವಾಟ್ಸಾಪಿನಲ್ಲಿ ಓಡಾಡಿತು. ಅದು ವಕೀಲರು ನೋಟರಿಯಾಗಲು ಅರ್ಜಿ ಹಾಕುವ, ಪರವಾನಗಿ ನವೀಕರಿಸಿಕೊಳ್ಳುವ ಜಾಗ. ನಿಮ್ಮ ಕಾಗದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ "ಅರ್ಧ ಗಂಟೆಯಲ್ಲಿ ನೋಟರಿ, ಪಿಡಿಎಫ್ ನಿಮ್ಮ ಮೊಬೈಲಿಗೆ" ಎನ್ನುವ ಜಾಹೀರಾತುಗಳು? ಅವುಗಳಲ್ಲಿ ಬಹಳಷ್ಟರ ಒಳಗುಟ್ಟು ಸರಳ. ನೀವು ಸ್ಕ್ಯಾನ್ ಮಾಡಿ ಕಳಿಸಿದ್ದನ್ನು ಪ್ರಿಂಟ್ ತೆಗೆದು, ಯಾವುದೋ ಊರಿನ ನೋಟರಿಯ ಮೇಜಿನ ಮೇಲಿಟ್ಟು, ಸೀಲು ಬಿದ್ದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ವಾಪಸು ಕಳಿಸುತ್ತಾರೆ. ನೋಟರಿ ನಿಮ್ಮನ್ನು ನೋಡಿರುವುದಿಲ್ಲ. ರಿಜಿಸ್ಟರಿನಲ್ಲಿ ನಿಮ್ಮ ಸಹಿ ಇರುವುದಿಲ್ಲ. ಇಂಥ ಕಾಗದವನ್ನು ಒಮ್ಮೆ ಸರಿಯಾಗಿ ಓದಿದರೆ ಸಾಕು, ಬಣ್ಣ ಬಯಲಾಗುತ್ತದೆ. ಕೆಳಗೆ "ಸ್ಥಳ: ಪುಣೆ" ಎಂದಿದೆ, ಸೀಲಿನಲ್ಲಿ ದಿಲ್ಲಿ ಎಂದಿದೆ. ನೋಟರಿಗೆ ಕಾರ್ಯಕ್ಷೇತ್ರ ಎಂದು ಒಂದಿರುತ್ತದೆ, ಅದರಾಚೆ ಅವರು ನೋಟರಿಯಲ್ಲ. ಅಂದರೆ ಒಂದೋ ಸಹಿ ಹಾಕಿದವರು ಆ ದಿನ ದಿಲ್ಲಿಯಲ್ಲಿದ್ದರು, ಇಲ್ಲವೇ ಕಾಗದ ಸುಳ್ಳು ಹೇಳುತ್ತಿದೆ. ಪಾಟೀ ಸವಾಲಿನಲ್ಲಿ ಎದುರು ವಕೀಲರಿಗೆ ಇಷ್ಟು ಸಿಕ್ಕಿದರೆ ಬೇರೇನೂ ಬೇಡ.

ಸರಿಯಾಗಿ ಆದ ನೋಟರಿ ಕಾಗದದಲ್ಲಿ ಏನಿರಬೇಕೆಂದು ತಿಳಿದಿರುವುದು ಒಳ್ಳೆಯದು. 5 ಸೆಂಟಿಮೀಟರ್ ವ್ಯಾಸದ ದುಂಡು ಸೀಲು, ಅದರಲ್ಲಿ ನೋಟರಿಯ ಹೆಸರು, ಕಾರ್ಯಕ್ಷೇತ್ರ, ನೇಮಿಸಿದ ಸರ್ಕಾರ. ಪಕ್ಕದಲ್ಲಿ ರಿಜಿಸ್ಟರಿನ ಕ್ರಮಸಂಖ್ಯೆ, ತಾರೀಖು. ಪರವಾನಗಿಯ ಅವಧಿ ಐದು ವರ್ಷ, ಆಮೇಲೆ ನವೀಕರಣ. ಅವಧಿ ಮುಗಿದ ದಿನಾಂಕವನ್ನು ಸೀಲಿನ ಪಕ್ಕ ತಾವೇ ಬರೆದುಕೊಂಡೂ ಸೀಲು ಒತ್ತುತ್ತ ಕೂತವರಿದ್ದಾರೆ, ಅದನ್ನೂ ನೋಡಿಕೊಳ್ಳಿ.

ನಿಜ ಹೇಳಬೇಕೆಂದರೆ ಜನ ನೋಟರಿ ಮಾಡಿಸುವ ಎಷ್ಟೋ ಕಾಗದಗಳಿಗೆ ನೋಟರಿಯೇ ಬೇಡ. ಪಾಸ್‌ಪೋರ್ಟ್ ಅರ್ಜಿಯ ಅನುಬಂಧಗಳನ್ನು 2016ರ ಕೊನೆಯಿಂದ ಬಿಳಿ ಹಾಳೆಯ ಮೇಲೆ ಸ್ವಯಂ ಘೋಷಣೆಯಾಗಿ ಕೊಟ್ಟರೆ ಸಾಕು. ಮಹಾರಾಷ್ಟ್ರ ಸರ್ಕಾರವೂ 2015ರಲ್ಲೇ ಅನೇಕ ದಾಖಲೆಗಳಿಗೆ ಅಫಿಡವಿಟ್ ಬಿಟ್ಟು ಸ್ವಯಂ ಘೋಷಣೆ ಸಾಕೆಂದಿತು. ಪಿಂಚಣಿದಾರರ ಜೀವನ ಪ್ರಮಾಣಪತ್ರ ಮೊಬೈಲಿನಲ್ಲಿ ಮುಖ ತೋರಿಸಿದರೆ ಆಗುತ್ತದೆ. ಆದರೂ ಕೋರ್ಟಿನ ಹೊರಗಿನ ಟೈಪಿಸ್ಟ್ ಹೇಳಿದನೆಂದು ಸ್ಟಾಂಪ್ ಪೇಪರ್ ಕೊಳ್ಳುವ ಅಭ್ಯಾಸ ಹೋಗಿಲ್ಲ. 2024ರ ಅಕ್ಟೋಬರಿನಿಂದ ಮಹಾರಾಷ್ಟ್ರದಲ್ಲಿ 100, 200 ರೂಪಾಯಿಯ ಜಾಗಕ್ಕೆ 500 ಬಂದಿದೆ, ಆ ಅಭ್ಯಾಸದ ಬೆಲೆಯೂ ಏರಿದೆ.

ಬಾಡಿಗೆ ಕರಾರಿನ ವಿಷಯದಲ್ಲಂತೂ ನೋಟರಿ ಕಾಗದ ಮಹಾರಾಷ್ಟ್ರದಲ್ಲಿ ದಂಡ. "ಹನ್ನೊಂದು ತಿಂಗಳು ತಾನೇ, ನೋಟರಿ ಸಾಕು" ಎನ್ನುವುದು ನಮ್ಮವರು ಬೆಂಗಳೂರಿನಿಂದ ಹೊತ್ತು ತಂದ ಮಾತು. ಇಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಅವಧಿ ಎಷ್ಟೇ ಇರಲಿ, ಲೀವ್ ಅಂಡ್ ಲೈಸೆನ್ಸ್ ಎಂದು ಇಲ್ಲಿ ಕರೆಯುವ ಬಾಡಿಗೆ ಕರಾರು ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು. ಹೊಣೆ ಮಾಲೀಕರದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯಿದೆ: ನೋಂದಣಿಯಿಲ್ಲದಿದ್ದರೆ ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಸರಿ ಎಂದು ಹಿಡಿಯಲಾಗುತ್ತದೆ, ಮಾಲೀಕರು ಅದನ್ನು ಸುಳ್ಳೆಂದು ಸಾಬೀತು ಮಾಡಬೇಕು.

ತಮಾಷೆಯೆಂದರೆ, ಮನೆಯಲ್ಲೇ ಕೂತು ಸಹಿ ಮಾಡುವ ಸೌಲಭ್ಯ ನಿಜವಾಗಿ ಇರುವುದು ಇಲ್ಲೇ. ರಾಜ್ಯದ ನೋಂದಣಿ ಇಲಾಖೆಯ ಇ-ರಿಜಿಸ್ಟ್ರೇಷನ್‌ನಲ್ಲಿ ಕರಾರು ತುಂಬಿ, ಮಾಲೀಕರು, ಬಾಡಿಗೆದಾರರು, ಗುರುತಿಸುವ ಇಬ್ಬರು ಆಧಾರ್ ಮೂಲಕ ಹೆಬ್ಬೆಟ್ಟು ಕೊಟ್ಟು, ವೆಬ್ ಕ್ಯಾಮೆರಾದಲ್ಲಿ ಫೋಟೋ ತೆಗೆಸಿಕೊಂಡರೆ ಕೆಲಸ ಮುಗಿಯಿತು. ಮಾಲೀಕರು ಮುಂಬೈ ಪಕ್ಕದ ಥಾಣೆಯಲ್ಲಿ, ಬಾಡಿಗೆದಾರರು ಪುಣೆಯ ಹಡಪ್ಸರದಲ್ಲಿ ಇದ್ದರೂ ಅಡ್ಡಿಯಿಲ್ಲ. ತಿಂಗಳಿಗೆ 30,000 ಬಾಡಿಗೆ, 1 ಲಕ್ಷ ಡಿಪಾಸಿಟ್, 11 ತಿಂಗಳು ಎಂದಿಟ್ಟುಕೊಳ್ಳಿ. ಒಟ್ಟು ಬಾಡಿಗೆ 3,30,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಲೆಕ್ಕ ಹಾಕಿ ಸುಮಾರು 9,167 ಸೇರಿಸಬೇಕು. ಆ ಮೊತ್ತಕ್ಕೆ ಶೇ. 0.25 ಅಂದರೆ 850ರ ಆಸುಪಾಸು ಸ್ಟಾಂಪ್ ಡ್ಯೂಟಿ. ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಏಜೆಂಟರ ಕೂಲಿ ಬೇರೆ. ಇಲ್ಲಿ ಕೈಕೊಡುವುದು ಸಾಮಾನ್ಯವಾಗಿ ಹೆಬ್ಬೆಟ್ಟು. ವಯಸ್ಸಾದವರ, ವರ್ಷಗಟ್ಟಲೆ ಪಾತ್ರೆ ತೊಳೆದವರ ಬೆರಳ ಗೆರೆ ಸವೆದಿರುತ್ತದೆ. ಆಧಾರ್ ಬಯೋಮೆಟ್ರಿಕ್ ಲಾಕ್ ಆಗಿದ್ದರೆ ಎಷ್ಟು ಒತ್ತಿದರೂ ಆಗುವುದಿಲ್ಲ, ಏಜೆಂಟ್ ಬಾಗಿಲಿಗೆ ಬರುವ ಮೊದಲೇ ತೆರೆದಿಡಬೇಕು. ಮಾಲೀಕರು ವಿದೇಶದಲ್ಲಿದ್ದು ಆಧಾರ್ ಇಲ್ಲದಿದ್ದರೆ ಈ ದಾರಿ ಮುಚ್ಚಿತು. ಆಗ ಪವರ್ ಆಫ್ ಅಟಾರ್ನಿ, ಅಂದರೆ ತಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ ಬೇಕು, ಕಷ್ಟ ಶುರುವಾಗುವುದು ಅಲ್ಲಿಂದ.

ಡೊಂಬಿವಲಿಯ ಫ್ಲ್ಯಾಟನ್ನೇ ತೆಗೆದುಕೊಳ್ಳೋಣ. ಹೆಸರು ಡಲ್ಲಾಸಿನ ಮಗನದು, ಮಾರುವ ಓಡಾಟ ಅಪ್ಪನದು. ಮಗ ಅಲ್ಲಿಂದ ಪವರ್ ಕಳಿಸಬೇಕು, ಮರಾಠಿ ಕಚೇರಿಗಳಲ್ಲಿ ಕುಲಮುಖತ್ಯಾರಪತ್ರ ಎನ್ನುವುದು ಇದನ್ನೇ. ಮಗನಿಗೆ ಸುಲಭವಾಗಿ ಕಾಣುವುದು ವಿಡಿಯೋದಲ್ಲೇ ಮುಖ ನೋಡಿ ಸೀಲು ಹಾಕುವ ರಿಮೋಟ್ ಆನ್‌ಲೈನ್ ನೋಟರಿ. ಅಮೆರಿಕದಲ್ಲಿ ಅದು ಪೂರ್ತಿ ಕಾನೂನುಬದ್ಧ: ವರ್ಜೀನಿಯಾ 2012ರಲ್ಲಿ ಶುರು ಮಾಡಿತು, ಟೆಕ್ಸಾಸ್ 2018ರಲ್ಲಿ, ಕೋವಿಡ್ ನಂತರ ಬಹುಪಾಲು ರಾಜ್ಯಗಳು. ಲ್ಯಾಪ್‌ಟಾಪ್ ಎದುರು ಕೂತರೆ ಇಪ್ಪತ್ತು ನಿಮಿಷದಲ್ಲಿ ಡಿಜಿಟಲ್ ಸಹಿ, ಡಿಜಿಟಲ್ ಸೀಲು ಬಿದ್ದ ಪಿಡಿಎಫ್ ಸಿಗುತ್ತದೆ. ಡೊಂಬಿವಲಿಯ ಕೆಲಸಕ್ಕೆ ಅದನ್ನು ನಂಬಬೇಡಿ.

ಕಾರಣ ಎರಡು. ಮೊದಲನೆಯದು 1908ರ ನೋಂದಣಿ ಕಾಯ್ದೆಯ 33ನೇ ಕಲಂ. ಇನ್ನೊಬ್ಬರ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸುವ ಪವರ್, ಕೊಡುವವರು ಭಾರತದ ಹೊರಗಿದ್ದರೆ, ನೋಟರಿ, ಕೋರ್ಟು, ನ್ಯಾಯಾಧೀಶ, ಮ್ಯಾಜಿಸ್ಟ್ರೇಟ್ ಅಥವಾ ಭಾರತದ ಕಾನ್ಸುಲ್ ಇವರಲ್ಲೊಬ್ಬರ ಸಮ್ಮುಖದಲ್ಲಿ ಸಹಿಯಾಗಬೇಕು, ಅವರಿಂದ ದೃಢೀಕೃತವೂ ಆಗಬೇಕು. ಎರಡೂ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಪವರ್ ಒಂದರ ಮೇಲಿನ ಜುಗರಾಜ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲೇ ಇದನ್ನು ಪರಿಶೀಲಿಸಿತು. ಮೊದಲು ಬಂದ ಪವರಿನಲ್ಲಿ ನೋಟರಿ ದೃಢೀಕರಿಸಿದ್ದಕ್ಕೆ ಸರಿಯಾದ ಗುರುತಿರಲಿಲ್ಲ, ಅದು ಬಿತ್ತು. ಆಮೇಲೆ ಅಲ್ಲಿನ ನಿಯಮದಂತೆ ಸರಿಯಾಗಿ ಮಾಡಿ ಕಳಿಸಿದ ಎರಡನೆಯದು ನಿಂತಿತು. ವಿದೇಶಿ ನೋಟರಿ ಎಂಬ ಕಾರಣಕ್ಕೆ ಕಾಗದ ತಿರಸ್ಕೃತವಾಗದು, ಆದರೆ ದೃಢೀಕರಣದ ವಾಕ್ಯ ಸಡಿಲವಾಗಿದ್ದರೆ ಉಳಿಯದು. ವಿಡಿಯೋದಲ್ಲಿ ಕಂಡದ್ದು ಸಮ್ಮುಖ ಹೌದೇ ಎಂಬ ವಾದವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಕೌಂಟರಿನಲ್ಲಿ, ಹಿಂದೆ ನಲವತ್ತು ಟೋಕನ್ ಕಾಯುತ್ತಿರುವಾಗ, ಗೆಲ್ಲಲು ಆಗುವುದಿಲ್ಲ.

ಎರಡನೆಯ ಕಾರಣ 2000ದ ಐಟಿ ಕಾಯ್ದೆಯ ಮೊದಲ ಅನುಸೂಚಿ. ಡಿಜಿಟಲ್ ಸಹಿಗೆ ಕಾಯ್ದೆ ಕೊಡುವ ಮಾನ್ಯತೆ ಯಾವ ಯಾವ ದಸ್ತಾವೇಜಿಗೆ ಇಲ್ಲ ಎಂಬ ಪಟ್ಟಿ ಅದು. ಉಯಿಲು, ಟ್ರಸ್ಟ್, ಪವರ್ ಆಫ್ ಅಟಾರ್ನಿ ಅದರಲ್ಲಿವೆ. 2022ರಲ್ಲಿ ಪಟ್ಟಿಯನ್ನು ಸಡಿಲಿಸಿ, ರಿಸರ್ವ್ ಬ್ಯಾಂಕ್, ಸೆಬಿಯಂಥ ನಿಯಂತ್ರಕರ ಕೆಳಗಿನ ಸಂಸ್ಥೆಗಳಿಗೆ ಕೊಡುವ ಪವರನ್ನು ಹೊರಗೆ ತೆಗೆದರು. ಷೇರು ಬ್ರೋಕರಿಗೆ ಕೊಡುವುದು ಆಯಿತು, ಅಪ್ಪನಿಗೆ ಕೊಡುವುದು ಹಾಗೇ ಉಳಿಯಿತು.

ಮಗ ಮಾಡಬೇಕಾದ್ದು ಹಳೆಯ ದಾರಿ: ಕಾಗದದ ಮೇಲೆ ಪೆನ್ನಿನಲ್ಲಿ, ಭಾರತೀಯ ಕಾನ್ಸುಲೇಟಿನ ಮೂಲಕ, ಅಥವಾ ಊರಿನ ನೋಟರಿಯ ಎದುರು ಕೂತು ಸಹಿ, ಆಮೇಲೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಅಪೋಸ್ಟಿಲ್, ಅಂದರೆ ನೋಟರಿಯ ಸೀಲು ನಿಜವೆಂದು ಹೊರದೇಶಕ್ಕೆ ಹೇಳುವ ಪ್ರಮಾಣಪತ್ರ. ಅಪೋಸ್ಟಿಲನ್ನು ಒಪ್ಪುವ ದೇಶಗಳ ಹೇಗ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ, ಅಮೆರಿಕವೂ ಇದೆ. ದುಬೈಯ ಅಕ್ಕನಿಗೆ ಅಪೋಸ್ಟಿಲ್ ಇಲ್ಲ, ಯುಎಇ ಆ ಒಪ್ಪಂದಕ್ಕೆ ಸೇರಿಲ್ಲ. ಅವರಿಗೆ ಅಲ್ಲಿನ ಭಾರತೀಯ ಕಾನ್ಸುಲೇಟೇ ನೇರ ದಾರಿ.

ಬರೆಯುವಾಗ ಫ್ಲ್ಯಾಟ್ ನಂಬರ್, ಸೊಸೈಟಿ ಹೆಸರು, ಸರ್ವೆ ಅಥವಾ ಸಿಟಿಎಸ್ (ಸಿಟಿ ಸರ್ವೆ) ನಂಬರ್, ಕಾರ್ಪೆಟ್ ವಿಸ್ತೀರ್ಣ ಎಲ್ಲ ಮೂಲ ಕರಾರಿನಲ್ಲಿ ಇದ್ದಂತೆಯೇ ಇರಲಿ. ಮಾರುವುದು, ಹಣ ಪಡೆಯುವುದು, ನೋಂದಣಿಗೆ ಹಾಜರುಪಡಿಸುವುದು, ಮೂರನ್ನೂ ಬಿಡಿಬಿಡಿಯಾಗಿ ಹೇಳಬೇಕು. "ಎಲ್ಲ ವ್ಯವಹಾರ ನೋಡಿಕೊಳ್ಳಲು" ಎಂಬ ಒಂದು ಸಾಲಿನಿಂದ ಮಾರುವ ಅಧಿಕಾರ ಬರುವುದಿಲ್ಲ. ಇಬ್ಬರ ಫೋಟೋ, ಅಪ್ಪನ ಮಾದರಿ ಸಹಿ, ಪ್ರತಿ ಪುಟಕ್ಕೂ ಸಹಿ. ಮುಂಬೈಯಿಂದ ಸ್ಟಾಂಪ್ ಪೇಪರ್ ಕೊರಿಯರ್ ಮಾಡುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಕೊಂಡ ಸ್ಟಾಂಪ್ ಆರು ತಿಂಗಳಲ್ಲಿ ಬಳಸದಿದ್ದರೆ ಸತ್ತಂತೆ, ಮಗನಿಗೆ ನೋಟರಿ ಅಪಾಯಿಂಟ್‌ಮೆಂಟ್ ಸಿಗುವುದರೊಳಗೆ ಅದು ಮುಗಿದಿರಲೂಬಹುದು. ಬಿಳಿ ಹಾಳೆಯಲ್ಲೇ ಬರಲಿ. ರಾಜ್ಯಕ್ಕೆ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಸ್ಟಾಂಪ್ ಕಲೆಕ್ಟರ್ ಕಚೇರಿಯಲ್ಲಿ ಡ್ಯೂಟಿ ಕಟ್ಟಬಹುದು. ತಲುಪಿದ ದಿನಕ್ಕೆ ಪುರಾವೆ ಕೊರಿಯರ್ ಲಕೋಟೆ, ಅದನ್ನು ಎಸೆದವರು ಆಮೇಲೆ ಪರದಾಡುತ್ತಾರೆ. ಅಪ್ಪ ಅಮ್ಮ, ಗಂಡ ಹೆಂಡತಿ, ಒಡಹುಟ್ಟಿದವರಿಗೆ ಪ್ರತಿಫಲವಿಲ್ಲದೆ ಕೊಟ್ಟ ಪವರಿಗೆ ಡ್ಯೂಟಿ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಗೆಳೆಯನಿಗೋ ಬಿಲ್ಡರಿಗೋ ಮಾರುವ ಪವರ್ ಕೊಟ್ಟರೆ ಕ್ರಯಪತ್ರದಷ್ಟೇ ಡ್ಯೂಟಿ ಬೀಳುತ್ತದೆ. ನೋಂದಣಿಯ ದಿನ ಅಪ್ಪ ಒಂದು ಘೋಷಣಾಪತ್ರವನ್ನೂ ಕೊಡಬೇಕು: ಪವರ್ ಕೊಟ್ಟವನು ಬದುಕಿದ್ದಾನೆ, ಅದನ್ನು ರದ್ದು ಮಾಡಿಲ್ಲ ಎಂದು. ಮಗನ ಬಗ್ಗೆ ಅಂಥ ಕಾಗದಕ್ಕೆ ಸಹಿ ಹಾಕಲು ಎಂಥ ಅಪ್ಪನಿಗೂ ಒಂದು ಕ್ಷಣ ಕೈ ಹಿಂಜರಿಯುತ್ತದೆ. ನಿಯಮ.

ಕುಂದಾಪುರದ ಜಾಗದ ಕಥೆ ಬೇರೆ. ಮುಲುಂಡಿನಲ್ಲಿರುವ ಅಪ್ಪ ಊರಿನ ತಮ್ಮನಿಗೆ ಪವರ್ ಕೊಡಬೇಕು. ದೂರ ಒಂದು ರಾತ್ರಿಯ ರೈಲು, ಆದರೆ ಕಾನೂನು ಇಲ್ಲಿ ಇನ್ನೂ ಬಿಗಿ. ಕೊಡುವವರು ಭಾರತದಲ್ಲೇ ವಾಸವಾಗಿದ್ದರೆ 33ನೇ ಕಲಮಿಗೆ ನೋಟರಿ ಸಾಲದು, ತಾವು ವಾಸವಿರುವ ವ್ಯಾಪ್ತಿಯ ಸಬ್ ರಿಜಿಸ್ಟ್ರಾರ್ ಎದುರೇ ಆಗಬೇಕು. ಮುಂಬೈಯ ಫೋರ್ಟಿನಲ್ಲಿ ನೋಟರಿ ಮಾಡಿಸಿ ಊರಿಗೆ ಹೋಗಿ ವಾಪಸಾದ ಕಾಗದಗಳಿಗೆ ಲೆಕ್ಕವಿಲ್ಲ. ಹಾಸಿಗೆ ಹಿಡಿದವರಾದರೆ ವೈದ್ಯರ ಪತ್ರ ಸೇರಿಸಿ ಅರ್ಜಿ ಕೊಡಿ, ಸಬ್ ರಿಜಿಸ್ಟ್ರಾರ್ ಮನೆಗೇ ಬರಲು ಕಾಯ್ದೆಯಲ್ಲಿ ಅವಕಾಶವಿದೆ. ಇದನ್ನು ಕೇಳಿ ಪಡೆಯುವವರು ಕಡಿಮೆ.

ಜಾಗ ಗೋವಾದಲ್ಲಿದ್ದರೆ ಇನ್ನೊಂದು ತೊಡಕು: ಅಲ್ಲಿ ನೋಟರಿ ಎಂದರೆ ಎರಡು ಬಗೆ. ವಾಸ್ಕೊ, ಮಡಗಾಂವಿನಲ್ಲಿ ಬೋರ್ಡು ಹಾಕಿಕೊಂಡಿರುವ ವಕೀಲ ನೋಟರಿ ಒಬ್ಬರು. 2012ರ ಗೋವಾ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು, ವಾರಸು ಪತ್ರಗಳನ್ನು ತಮ್ಮ ಪುಸ್ತಕದಲ್ಲೇ ಬರೆಸುವ ಸ್ಪೆಷಲ್ ನೋಟರಿ ಇನ್ನೊಬ್ಬರು, ಅವರು ಸರ್ಕಾರಿ ಅಧಿಕಾರಿ. ಎರಡನೆಯವರ ಕೆಲಸವನ್ನು ಮೊದಲನೆಯವರು ಮಾಡಲಾರರು, ಆನ್‌ಲೈನ್ ಮಾತಂತೂ ದೂರ. ಅಲ್ಲಿನ ಸಿವಿಲ್ ಕಾನೂನಿಗೆ ಒಳಪಟ್ಟ ದಂಪತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರದೂ. ಗಂಡನೊಬ್ಬನೇ ಕೊಟ್ಟ ಪವರಿನಿಂದ ಮಾರಾಟ ಮುಂದೆ ಹೋಗದು.

ಈಗ ದಿಕ್ಕು ತಿರುಗಿಸಿ. ಕಾಗದ ಅಮೆರಿಕದ್ದು, ಸಹಿ ಹಾಕುವವರು ಮುಂಬೈಯಲ್ಲಿ: ಡಲ್ಲಾಸಿನ ಮನೆಯ ಸಾಲಕ್ಕೆ, ರಜೆಗೆ ಬಂದಿರುವ ಸೊಸೆಯ ಸಹಿ, ಅಥವಾ ಅಲ್ಲಿನ ಬ್ಯಾಂಕಿಗೆ ಅಮ್ಮನ ಅಫಿಡವಿಟ್. ಇಲ್ಲಿ ರಿಮೋಟ್ ನೋಟರಿ ನಿಜಕ್ಕೂ ದೊಡ್ಡ ಅನುಕೂಲ. ನೋಟರಿ ತನಗೆ ಪರವಾನಗಿ ಕೊಟ್ಟ ರಾಜ್ಯದ ಒಳಗೆ ಕೂತಿರಬೇಕು, ಸಹಿ ಹಾಕುವವರು ಎಲ್ಲಿದ್ದರೂ ಆಗುತ್ತದೆ. ಆದರೆ ವಿದೇಶದಲ್ಲಿ ಕೂತವರ ಕಾಗದಕ್ಕೆ ಅಮೆರಿಕದ ಆಸ್ತಿ, ಕೋರ್ಟು ಅಥವಾ ವ್ಯವಹಾರದ ನಂಟು ಇರಬೇಕೆಂದು ಕೆಲವು ರಾಜ್ಯಗಳು ಕೇಳುತ್ತವೆ. ಮೊದಲ ಹೆಜ್ಜೆ, ಕಾಗದ ಪಡೆಯುವ ಟೈಟಲ್ ಕಂಪನಿಗೋ (ಅಲ್ಲಿ ಆಸ್ತಿಯ ಹಕ್ಕು ಪರಿಶೀಲಿಸುವ ಸಂಸ್ಥೆ) ಬ್ಯಾಂಕಿಗೋ ಒಂದು ಇಮೇಲ್: ರಿಮೋಟ್ ನೋಟರಿ ಒಪ್ಪುತ್ತೀರಾ, ಯಾವ ರಾಜ್ಯದ್ದು, ಯಾವ ಪ್ಲಾಟ್‌ಫಾರ್ಮ್, ಸಾಕ್ಷಿ ಎಷ್ಟು? ಉತ್ತರ ಬರಹದಲ್ಲೇ ಬರಲಿ.

ಗುರುತಿನ ಪರೀಕ್ಷೆಯಲ್ಲಿ ಸೊಸೆ ಪಾಸು, ಅಮ್ಮ ಫೇಲು. ಅಲ್ಲಿನ ಸಾಲ, ವಿಳಾಸಗಳ ದಾಖಲೆಯಿಂದ ಐದು ಪ್ರಶ್ನೆ ಬರುತ್ತವೆ, ಎರಡು ನಿಮಿಷದಲ್ಲಿ ನಾಲ್ಕಕ್ಕಾದರೂ ಸರಿಯುತ್ತರ ಕೊಡಬೇಕು: ಈ ಬೀದಿಗಳಲ್ಲಿ ಯಾವುದರಲ್ಲಿ ವಾಸವಾಗಿದ್ದಿರಿ, ಈ ಕಾರುಗಳಲ್ಲಿ ಯಾವುದು ನಿಮ್ಮ ಹೆಸರಲ್ಲಿತ್ತು. ಅಲ್ಲಿ ಎಂದೂ ಸೋಷಿಯಲ್ ಸೆಕ್ಯುರಿಟಿ ನಂಬರ್ ಪಡೆಯದ ಅಮ್ಮನಿಗೆ ಪ್ರಶ್ನೆಯೇ ತಯಾರಾಗದು. ಪಾಸ್‌ಪೋರ್ಟ್ ಮತ್ತು ಮುಖ ಹೋಲಿಸಿ ಗುರುತು ಹಿಡಿಯುವ ವ್ಯವಸ್ಥೆಯನ್ನು ಒಪ್ಪುವ ರಾಜ್ಯದ ನೋಟರಿ ಬೇಕು. ಆಧಾರ್, ಪ್ಯಾನ್ ತೋರಿಸಿ ಫಲವಿಲ್ಲ. ಹೆಸರಿನ ಗೊಂದಲ ಇನ್ನೊಂದು. ಕರಾವಳಿಯ ಹಳೆಯ ಪಾಸ್‌ಪೋರ್ಟುಗಳಲ್ಲಿ ಅಡ್ಡಹೆಸರಿನ ಜಾಗ ಖಾಲಿ, ಹೆಸರೆಲ್ಲ ಒಂದೇ ಸಾಲಿನಲ್ಲಿ. ಅಮೆರಿಕದ ಕಾಗದ ತಯಾರಿಸುವವರು ಅದನ್ನು ತಮಗೆ ಬೇಕಾದಂತೆ ಕತ್ತರಿಸಿರುತ್ತಾರೆ. ದಸ್ತಾವೇಜಿನಲ್ಲೂ ಪಾಸ್‌ಪೋರ್ಟಿನಲ್ಲೂ ಅಕ್ಷರಕ್ಕೆ ಅಕ್ಷರ ಹೊಂದುವಂತೆ ಮೊದಲೇ ತಿದ್ದಿಸಿ.

ಡಲ್ಲಾಸಿನ ಬೆಳಿಗ್ಗೆ 10 ಗಂಟೆ ನಮಗೆ ಬೇಸಿಗೆಯಲ್ಲಿ ರಾತ್ರಿ 8.30, ಚಳಿಗಾಲದಲ್ಲಿ 9.30. ಆ ಹೊತ್ತಿಗೆ ಟ್ಯೂಬ್‌ಲೈಟಿನ ಕೆಳಗೆ ಹಿಡಿದ ಪಾಸ್‌ಪೋರ್ಟಿನ ಫೋಟೋ ಪುಟ ಫಳಫಳ ಹೊಳೆದು ಕ್ಯಾಮೆರಾ ಓದುವುದಿಲ್ಲ, ಪುಸ್ತಕವನ್ನು ಸ್ವಲ್ಪ ಓರೆ ಮಾಡಿ ಹಿಡಿಯಬೇಕು. ಎಲ್ಲಿದ್ದೀರಿ ಎಂದು ನೋಟರಿ ಕೇಳುತ್ತಾರೆ, ಮುಂಬೈ ಎಂದೇ ಹೇಳಿ, ಇರುವ ಜಾಗವನ್ನು ಮರೆಮಾಡುವ ವಿಪಿಎನ್ ಆಫ್ ಇರಲಿ. ಇಡೀ ಮಾತುಕತೆ ರೆಕಾರ್ಡ್ ಆಗುತ್ತದೆ. ಟೆಕ್ಸಾಸಿನಲ್ಲಿ ಅದನ್ನು ಕನಿಷ್ಠ ಐದು ವರ್ಷ ಇಡಬೇಕು, ಕೆಲವು ರಾಜ್ಯಗಳಲ್ಲಿ ಹತ್ತು. ಸೆಷನ್ ನಿಲ್ಲುವುದು ಹೆಚ್ಚಾಗಿ ಇಂಟರ್ನೆಟ್ಟಿನಿಂದಲ್ಲ, ಮನೆಯವರ ಅಕ್ಕರೆಯಿಂದ. ನೋಟರಿ ಕೇಳುತ್ತಾರೆ: ಈ ಕಾಗದ ಏನೆಂದು ಗೊತ್ತಿದೆಯಾ, ಸ್ವಇಚ್ಛೆಯಿಂದ ಸಹಿ ಹಾಕುತ್ತಿದ್ದೀರಾ? ಅಮ್ಮ ಪಕ್ಕಕ್ಕೆ ತಿರುಗುತ್ತಾರೆ. ಕ್ಯಾಮೆರಾದ ಹೊರಗಿನಿಂದ ಮಗಳು, "ಅಮ್ಮಾ, ಯೆಸ್ ಅನ್ನು, ಯೆಸ್ ಅನ್ನು." ಅಲ್ಲಿಗೆ ಮುಗಿಯಿತು. ಒತ್ತಾಯದ ಅನುಮಾನ ಬಂದರೆ ನಿಲ್ಲಿಸುವುದು ನೋಟರಿಯ ಕರ್ತವ್ಯ. ನೋಟರಿ ಮತ್ತು ಸಹಿ ಹಾಕುವವರು ನೇರವಾಗಿ ಮಾತಾಡಿಕೊಳ್ಳಲು ಒಂದು ಭಾಷೆ ಬೇಕು, ಮಗಳ ಅನುವಾದವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕನ್ನಡ ತುಳು ಬಿಟ್ಟು ಬೇರೆ ಬಾರದ ಅಮ್ಮನಿಗೆ ಈ ದಾರಿ ಹಿಡಿಯದಿರುವುದೇ ಲೇಸು.

ಅಂಥವರಿಗೆ ಇಲ್ಲಿನ ನೋಟರಿಯ ಎದುರು ಸಹಿ, ನಂತರ ರಾಜ್ಯದ ಇಲಾಖೆಯ ದೃಢೀಕರಣ, ಕೊನೆಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್. ಸರ್ಕಾರದ ಶುಲ್ಕ 50 ರೂಪಾಯಿ, ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯ ಸೇವಾ ಶುಲ್ಕ ಅದರ ಮೇಲೆ. ಅವಸರವಿದ್ದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ನೋಟರಿ ಸೇವೆಯಿದೆ, ಒಂದು ಸೀಲಿಗೆ 50 ಡಾಲರ್, ಮೊದಲೇ ಅಪಾಯಿಂಟ್‌ಮೆಂಟ್ ಬೇಕು. ಸಹಿ ಹಾಕದ ಕಾಗದ ಒಯ್ಯಬೇಕು, ಮನೆಯಲ್ಲೇ ಸಹಿ ಹಾಕಿ ಹೋದರೆ ಹೊಸ ಪ್ರತಿ ತರಲು ಹೇಳುತ್ತಾರೆ.

ಸೊಸೆಯ ಸೆಷನ್ ಸುಸೂತ್ರವಾಗಿ ಮುಗಿದರೆ ಕೈಗೆ ಬರುವ ಪಿಡಿಎಫ್ ಅನ್ನು ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಕಳಿಸಬೇಡಿ, ವಾಟ್ಸಾಪಿನಲ್ಲಿ ಫೋಟೋ ಮಾಡಿಯೂ ಬೇಡ. ನೋಟರಿಯ ಡಿಜಿಟಲ್ ಪ್ರಮಾಣಪತ್ರ ಆ ಫೈಲಿನ ಒಳಗಿದೆ, ಕಾಗದಕ್ಕೆ ಇಳಿಸಿದ ಕೂಡಲೇ ಅದು ಹೋಯಿತು. ಬಂದ ಫೈಲನ್ನು ಹೆಸರೂ ಬದಲಿಸದೆ ಇಮೇಲಿಗೆ ಲಗತ್ತಿಸಿ. ಆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ದಾಖಲೆ ಕಚೇರಿ ಕಾಗದವನ್ನೇ ಕೇಳಿದರೆ, ಪ್ರಿಂಟು ಮೂಲ ಫೈಲಿನ ಯಥಾಪ್ರತಿ ಎಂದು ದೃಢೀಕರಿಸುವ ಪುಟವನ್ನು ನೋಟರಿಯಿಂದಲೇ ಸೇರಿಸಿಕೊಳ್ಳಬೇಕು. ಅದಕ್ಕೂ ಬೇರೆ ಶುಲ್ಕವಿರುತ್ತದೆ, ಸೆಷನ್ ಬುಕ್ ಮಾಡುವಾಗಲೇ ಕೇಳಿಟ್ಟುಕೊಳ್ಳಿ.